ಇಂಗ್ಲಿಷರ ಬಾಯಲ್ಲಿ ಪರದೇಶದ ಹಾಯಿದೋಣಿಗಳು

ಕಳೆದ ತಿಂಗಳು ಈ ಅಂಕಣದಲ್ಲಿ ಕೊಲ್ಲಿ ದೇಶಗಳ ‘ದಾವ್’ ಎಂಬ ಮರದ ಹಾಯಿಹಡಗುಗಳ ಬಗ್ಗೆ ಬರೆದಿದ್ದೆ. ಮಳೆಗಾಳಿಯ ಬಗ್ಗೆ, ಹಾಯಿಯ ಆಕಾರದ ಬಗ್ಗೆ ಪ್ರಶ್ನೆಗಳು ಬರಬಹುದೆಂದು ಕಾದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಹೆಸರುಗಳ ಉಚ್ಚಾರದ ಕುರಿತಾಗಿದ್ದವು. ನನಗೆ ತುಂಬ ಸಂತೋಷವಾಯಿತು. ನಾನು ಹಡಗುಗಳಲ್ಲಿ ರೇಡಿಯೋ ಅಧಿಕಾರಿಯಾಗಿದ್ದವನು. ನನಗೆ ಅನ್ನ ಕೊಟ್ಟದ್ದು ಕಿವಿ. ಯಾವ ದೇಶದವನು ಯಾವ ಅಕ್ಷರವನ್ನು ಹೇಗೆ ಹೇಳುತ್ತಾನೆಂದು ಅರಿಯದೆ ಆ ಕೆಲಸ ಮಾಡಲಾಗುತ್ತಿರಲಿಲ್ಲ. 1999ರ ಫೆಬ್ರುವರಿಯಲ್ಲಿ ಉಪಗ್ರಹದ ಸುರಕ್ಷತಾ ವ್ಯವಸ್ಥೆ ಪೂರ್ತಿಯಾಗಿ ಜಾರಿಗೆ ಬಂದ ಮೇಲೆ ಹಡಗುಗಳಲ್ಲಿ ಆ ಹುದ್ದೆ ಇಲ್ಲವಾಯಿತು. ಕಿವಿಯ ಅಭ್ಯಾಸ ಮಾತ್ರ ಉಳಿದಿದೆ. ಈ ಸಂಚಿಕೆಯ ಪುಟಗಳನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ನೀವು ‘ದಾವ್’ ಎಂದು ಬರೆದಿದ್ದೀರಿ. ಕನ್ನಡ ಪತ್ರಿಕೆಗಳಲ್ಲಿ ‘ಧೌ’ ಎಂದು ಓದಿದ ನೆನಪು. ಬ್ರಿಟಿಷ್ ಸಾಕ್ಷ್ಯಚಿತ್ರವೊಂದರ ನಿರೂಪಕ ‘ಡೌ’ ಎನ್ನುತ್ತಾನೆ. ಮೂರರಲ್ಲಿ ಯಾವುದು ಸರಿ?
— ಓದುಗರೊಬ್ಬರು, ಬೆಂಗಳೂರು

ಅರಬ್ಬಿಯಲ್ಲಿ ಅದು ದಾವ್. ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿ ದಾವು. ಎರಡರಲ್ಲೂ ಮಹಾಪ್ರಾಣವಿಲ್ಲ. ಇಂಗ್ಲಿಷಿನವರ ನಾಲಿಗೆ ಹಲ್ಲಿಗೆ ತಾಗುವ ದಕಾರವನ್ನು ಬಲ್ಲದು ಎನ್ನುವಂತಿಲ್ಲ. ಅವರ ‘ಡಿ’ ಹಲ್ಲಿನ ಹಿಂದಿನ ವಸಡಿನಲ್ಲಿ ಹುಟ್ಟುತ್ತದೆ, ನಮ್ಮ ಕಿವಿಗೆ ಅದು ಡಕಾರವಾಗಿ ಕೇಳುತ್ತದೆ. ಆದ್ದರಿಂದ ನಿರೂಪಕ ‘ಡೌ’ ಎಂದದ್ದರಲ್ಲಿ ನಾನು ತಪ್ಪು ಹುಡುಕುವುದಿಲ್ಲ. ತನ್ನ ಬಾಯಲ್ಲಿದ್ದ ಧ್ವನಿಗಳಲ್ಲಿ ಅತಿ ಹತ್ತಿರದ್ದನ್ನು ಅವನು ಆರಿಸಿಕೊಂಡಿದ್ದಾನೆ.

‘ಧೌ’ ಮಾತ್ರ ಯಾರ ಬಾಯಲ್ಲೂ ಇಲ್ಲದ ಶಬ್ದ. ಅರಬ್ಬರೂ ಹಾಗೆ ಹೇಳುವುದಿಲ್ಲ, ಇಂಗ್ಲಿಷರೂ ಹೇಳುವುದಿಲ್ಲ. ಇಂಗ್ಲಿಷ್ ಕಾಗುಣಿತದಲ್ಲಿ ‘ಡಿ’ಯ ಪಕ್ಕ ‘ಎಚ್’ ನಿಂತಿರುವುದನ್ನು ಕಂಡು ನಾವು ಧಕಾರ ಹಾಕಿಬಿಟ್ಟೆವು. ಮಹಾಪ್ರಾಣವನ್ನು ಬೇರೆಯಾಗಿ ಬರೆಯಬಲ್ಲ ಲಿಪಿ ನಮ್ಮದು. ಹಾಗಾಗಿಯೇ ಇಂಗ್ಲಿಷಿನ ಎಚ್ ನಮ್ಮನ್ನು ಮತ್ತೆ ಮತ್ತೆ ದಾರಿ ತಪ್ಪಿಸುತ್ತದೆ, ಮತ್ತು ದೋಣಿಗಳ ವಿಷಯದಲ್ಲಿ ಅದು ಅತಿ ಹೆಚ್ಚು. ಇನ್ನೂ ಮೂರು ಹೆಸರು ಹೇಳುತ್ತೇನೆ, ನೋಡಿ.

ಡಿಂಗಿ ಎಂಬ ಚಿಕ್ಕ ದೋಣಿ ಬಂಗಾಳದ್ದು. ಹಿಂದಿ, ಬಂಗಾಳಿಗಳಲ್ಲಿ ಅದರ ಗಕಾರಕ್ಕೆ ಮಹಾಪ್ರಾಣವಿಲ್ಲ. ಆದರೆ ಇಂಗ್ಲಿಷಿನಲ್ಲಿ ‘ಜಿ’ಯ ಮುಂದೆ ‘ಐ’ ಅಥವಾ ‘ವೈ’ ಬಂದರೆ ಓದುಗ ಅದನ್ನು ‘ಡಿಂಜಿ’ ಎಂದು ಓದುವ ಅಪಾಯವಿತ್ತು. ಗಕಾರ ಗಕಾರವಾಗಿಯೇ ಉಳಿಯಲಿ ಎಂದು ನಡುವೆ ಎಚ್ ಸೇರಿಸಿದರು. ಅದು ಕಾವಲಿಗೆ ನಿಲ್ಲಿಸಿದ ಅಕ್ಷರ, ಉಚ್ಚರಿಸಲು ಇಟ್ಟದ್ದಲ್ಲ. ‘ಡಿಂಘಿ’ ಎಂಬ ಕನ್ನಡ ಬರಹ ಆ ಕಾವಲುಗಾರನನ್ನೇ ಒಳಗೆ ಕರೆದು ಕೂರಿಸುತ್ತದೆ. ಇಂಗ್ಲೆಂಡಿನಲ್ಲಿ ಕೆಲವರು ‘ಡಿಂಗಿ’ ಎಂದು ಗಕಾರವನ್ನು ಸ್ಪಷ್ಟವಾಗಿ ಹೇಳಿದರೆ, ಹಲವರು ಅದನ್ನು ಅನುನಾಸಿಕದಲ್ಲೇ ಕರಗಿಸುತ್ತಾರೆ. ಎರಡೂ ಅಲ್ಲಿ ಸಲ್ಲುತ್ತವೆ.

ಇನ್ನು ಮಾಲ್ದೀವ್ಸ್‌ನ ದೋನಿ. ಅದು ನಮ್ಮ ‘ದೋಣಿ’ಯ ಬಂಧುವೇ. ಅಲ್ಲಿಯ ದಿವೇಹಿ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವಾಗ ‘ಡಿ’ ಎಂಬುದು ಡಕಾರಕ್ಕೂ ‘ಡಿ-ಎಚ್’ ಎಂಬ ಜೋಡಿ ದಕಾರಕ್ಕೂ ಮೀಸಲು. ಇಲ್ಲಿ ಎಚ್‌ಗೆ ಒಂದು ನಿಜವಾದ ಕೆಲಸವಿದೆ: ‘ನಾಲಿಗೆ ಹಲ್ಲಿಗೆ ತಾಗಲಿ’ ಎಂದು ಅದು ಹೇಳುತ್ತಿದೆ. ಪ್ರವಾಸಿ ಇಂಗ್ಲಿಷರು ‘ಡೋನಿ’ ಎನ್ನುತ್ತಾರೆ. ನಮ್ಮ ಪ್ರವಾಸ ಲೇಖನಗಳಲ್ಲಿ ‘ಧೋನಿ’ ಎಂದು ಕ್ರಿಕೆಟಿಗರ ಹೆಸರಿನಂತೆ ಅಚ್ಚಾಗುತ್ತದೆ. ದೋಣಿ ಎಂಬ ಪದವನ್ನು ಮನೆಯಲ್ಲೇ ಇಟ್ಟುಕೊಂಡವರು ಹೀಗೆ ಬರೆಯುವುದು ನನಗೆ ನೋವಿನ ಸಂಗತಿ.

ಕೊನೆಯದು ಇಂಡೋನೇಷ್ಯದ ದಕ್ಷಿಣ ಸುಲಾವೆಸಿಯಲ್ಲಿ ಬುಲುಕುಂಬಾ ಕಡೆಯವರು ಕಟ್ಟುವ ಎರಡು ಕೂವೆಯ (ಹಾಯಿ ಕಟ್ಟುವ ಕಂಬದ) ಹಾಯಿಹಡಗು, ಪಿನಿಸಿ. ಆ ಕಟ್ಟುವ ಕಲೆಯನ್ನು ಯುನೆಸ್ಕೊ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಕೊಮೊಡೊ ದ್ವೀಪಗಳಿಗೆ ಪ್ರವಾಸಿಗರನ್ನು ಒಯ್ಯುವ ಹಡಗುಗಳ ಜಾಹೀರಾತಿನಲ್ಲಿ ಅದನ್ನು ‘ಪಿ-ಎಚ್’ ಹಾಕಿ ಬರೆಯುವ ರೂಢಿಯಿದೆ. ಇಂಗ್ಲಿಷ್ ಓದುಗನಿಗೆ ಆ ಜೋಡಿ ಎಂದರೆ ಫಕಾರ. ‘ಫಿನಿಸಿ’ ಎಂದು ಓದುತ್ತಾನೆ. ನಾಲ್ಕು ದೋಣಿ, ನಾಲ್ಕು ಎಚ್, ನಾಲ್ಕಕ್ಕೂ ಬೇರೆ ಬೇರೆ ಕಥೆ, ಒಂದರಲ್ಲೂ ಮಹಾಪ್ರಾಣವಿಲ್ಲ.

ದಾವ್ ಬಗ್ಗೆ ಇನ್ನೊಂದು ಮಾತು. ಹಾರ್ಮುಜ್ ದಾಟುವಾಗ ನಮ್ಮ ಹಡಗಿನ ಅಧಿಕಾರಿಗಳು ರೇಡಿಯೋದ ಹದಿನಾರನೆಯ ಚಾನೆಲ್‌ನಲ್ಲಿ ಎದುರು ಕಂಡ ಪ್ರತಿಯೊಂದು ಮರದ ಹಡಗನ್ನೂ ‘ಡೌ’ ಎಂದೇ ಕರೆಯುತ್ತಿದ್ದರು. ಅದನ್ನು ನಡೆಸುವ ನಾಖುದಾನಿಗೆ ಅದು ಬೂಮ್, ಸಂಬೂಕ್ ಅಥವಾ ಬಗ್ಲ. ಅವನು ಹಡಗಿನ ಮುಂತುದಿ, ಹಿಂಬದಿ ನೋಡಿ ಹೆಸರಿಡುತ್ತಾನೆ, ದಾವ್ ಎಂದು ಎಲ್ಲವನ್ನೂ ಒಟ್ಟುಗೂಡಿಸುವುದಿಲ್ಲ. ಇವುಗಳಲ್ಲಿ ‘ಬೂಮ್’ ಇಂಗ್ಲಿಷರ ಬಾಯಲ್ಲಿ ಹೆಚ್ಚುಕಡಿಮೆ ಸರಿಯಾಗಿ ಬರುತ್ತದೆ. ಬಗ್ಲದ ಗಕಾರ ಗಂಟಲಿನಿಂದ ಉಜ್ಜಿ ಬರಬೇಕಾದದ್ದು. ನಮ್ಮ ಪಶ್ಚಿಮ ಕರಾವಳಿಯಲ್ಲಿದ್ದ ಕಂಪನಿ ಕಾಲದ ಇಂಗ್ಲಿಷರು ಅದನ್ನು ‘ಬಗಲೋ’ ಮಾಡಿಕೊಂಡಿದ್ದರು.

ಕ್ಯಾಟಮರಾನ್ ಎಂಬುದು ತಮಿಳಿನ ಕಟ್ಟುಮರಂ ಎಂದು ಓದಿದ್ದೇನೆ. ಕೊನೆಯ ‘ಮ್’ ಎಲ್ಲಿ ಹೋಯಿತು? ಎರಡು ದೋಣಿ ಜೋಡಿಸಿದ ನೌಕೆಗೆ ಆ ಹೆಸರು ಹೇಗೆ ಬಂತು?
— ಶಿಕ್ಷಕಿ, ಕೋಲಾರ

ಕಟ್ಟಿದ ಮರ, ಕಟ್ಟುಮರ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1673ರಲ್ಲಿ ಕೋರಮಂಡಲ ಕರಾವಳಿಗೆ ಬಂದ ಜಾನ್ ಫ್ರೈಯರ್ ಎಂಬ ಇಂಗ್ಲಿಷ್ ವೈದ್ಯ, ದಿಮ್ಮಿಗಳನ್ನು ಕಟ್ಟಿ ನಡುವೆ ಒಂದು ಹಾಯಿ ನಿಲ್ಲಿಸಿ ಹುಟ್ಟಿನಿಂದ ದಾರಿ ಹಿಡಿಸುತ್ತಿದ್ದ ಈ ತೆಪ್ಪಗಳನ್ನು ಕಂಡು ಬರೆದಿದ್ದಾನೆ. ಅವನ ಬರಹದಲ್ಲೇ ‘ಮ್’ ಹೋಗಿ ‘ನ್’ ಬಂದಿದೆ. ಎದುರು ನಿಂತ ಬೆಸ್ತನ ಬಾಯಿಂದ ಹೊರಟ ಕೊನೆಯ ‘ಮ್’ ತಮಿಳಿನಲ್ಲಿ ತೀರ ಮೆಲುವಾದ ಅನುನಾಸಿಕ. ಬಾಯಿ ಪೂರ್ತಿ ಮುಚ್ಚುವುದೇ ಇಲ್ಲ ಎನ್ನುವಂತೆ ಮಾತಿನಲ್ಲಿ ಕೇಳುತ್ತದೆ. ಪರಕೀಯ ಕಿವಿಗೆ ಅದು ‘ನ್’ ಆಗಿ ತೋರಿದ್ದು ಸಹಜ ಎಂದು ನನ್ನ ನಂಬಿಕೆ. ‘ಟ್ಟು’ವಿನ ಒತ್ತು ಮತ್ತು ನಾಲಿಗೆ ಮಡಿಸುವ ಟಕಾರ ಎರಡೂ ಇಂಗ್ಲಿಷಿನಲ್ಲಿಲ್ಲ. ಇವತ್ತು ಲಂಡನ್ನಿನವರು ಹೆಚ್ಚಾಗಿ ಮೊದಲ ಅಕ್ಷರವನ್ನು ಒತ್ತಿ ‘ಕ್ಯಾಟಮರಾನ್’ ಎನ್ನುತ್ತಾರೆ. ಅಮೆರಿಕದವರ ಬಾಯಲ್ಲಿ ನಡುವಿನ ಟಕಾರ ಡಕಾರದ ಕಡೆಗೆ ವಾಲುತ್ತದೆ. ನಡುವಿನ ಸ್ವರಗಳು ಇಬ್ಬರಲ್ಲೂ ಸವೆದುಹೋಗಿವೆ.

ಎರಡು ಒಡಲಿನ ವಿಷಯ ಬಹಳ ಈಚಿನದು. ಅಮೆರಿಕದ ನತಾನಿಯಲ್ ಹೆರೆಷಾಫ್ 1876ರಲ್ಲಿ ‘ಅಮರಿಲಿಸ್’ ಎಂಬ ಜೋಡಿ ಒಡಲಿನ ಹಾಯಿದೋಣಿಯನ್ನು ನ್ಯೂಯಾರ್ಕಿನ ಸ್ಪರ್ಧೆಗಿಳಿಸಿ ಉಳಿದೆಲ್ಲವನ್ನೂ ಹಿಂದೆ ಹಾಕಿದ. ಅಂಥ ದೋಣಿಗಳಿಗೆ ಕ್ಯಾಟಮರಾನ್ ಎಂಬ ಹೆಸರು ಅಂಟಿತು. ಅದರ ಹಿಂದಿರುವ ವಿನ್ಯಾಸ ಪೆಸಿಫಿಕ್ ದ್ವೀಪಗಳ ಜೋಡಿ ದೋಣಿಗಳದ್ದು, ಹೆಸರು ಮಾತ್ರ ತಮಿಳು ಕರಾವಳಿಯದ್ದು. 1940ರ ದಶಕದಲ್ಲಿ ಉಕ್ರೇನ್ ಮೂಲದ ವಿಕ್ಟರ್ ಚೆಚೆಟ್ ಮೂರು ಒಡಲಿನ ದೋಣಿಗೆ ‘ಟ್ರೈಮರಾನ್’ ಎಂದು ಹೆಸರಿಟ್ಟ. ಕಟ್ಟು ಹೋಯಿತು, ಮರ ಉಳಿಯಿತು. ಆ ಮರವನ್ನು ಅವರು ‘ದೋಣಿಯ ಒಡಲು’ ಎಂದು ತಿಳಿದರು. ಫೈಬರ್ ಗಾಜಿನಲ್ಲಿ ಎರಕ ಹೊಯ್ದ, ಒಂದು ಚೂರೂ ಮರವಿಲ್ಲದ ನೌಕೆಯ ಹೆಸರಿನಲ್ಲಿ ನಮ್ಮ ದ್ರಾವಿಡ ‘ಮರ’ ಕುಳಿತು ಜಗತ್ತು ಸುತ್ತುತ್ತಿದೆ.

ಇಷ್ಟು ದೂರ ಹೋದ ಪದವನ್ನು ಹಿಂದಕ್ಕೆ ಕರೆದು ತಿದ್ದಲು ನಾನು ಹೇಳುವುದಿಲ್ಲ. ಸಿಡ್ನಿಯ ನೌಕೆಗೆ ಕ್ಯಾಟಮರಾನ್ ಎನ್ನಿ. ರಾಮೇಶ್ವರದ ಬೆಸ್ತನ ತೆಪ್ಪದ ಬಗ್ಗೆ ಬರೆಯುವಾಗ ಮಾತ್ರ ‘ಕಟ್ಟುಮರ’ ಎಂದೇ ಬರೆಯಿರಿ. ಕನ್ನಡ ಪತ್ರಿಕೆಯಲ್ಲಿ ತಮಿಳು ಬೆಸ್ತನೊಬ್ಬ ‘ಕ್ಯಾಟಮರಾನ್ ಮೇಲೆ ಕಡಲಿಗಿಳಿದ’ ಎಂದು ಓದಿದಾಗ ನನಗೆ ಸಿಟ್ಟೇ ಬರುತ್ತದೆ.

ಮರ್ಚೆಂಟ್ ನೇವಿ ತರಬೇತಿಗೆ ಸೇರಲಿದ್ದೇನೆ. ಹಡಗಿನ ಪದಗಳನ್ನು ಪುಸ್ತಕದಲ್ಲಿ ಓದಿ ಕಲಿತಿದ್ದೇನೆ, ಕೇಳಿದ್ದಿಲ್ಲ. ಬರೆದಂತೆ ಓದಿದರೆ ಆದೀತೇ?
— ವಿದ್ಯಾರ್ಥಿ, ಮಂಗಳೂರು

ಆಗುವುದಿಲ್ಲ. ಇಂಗ್ಲಿಷ್ ನಾವಿಕರು ಪರದೇಶದ ಪದಗಳನ್ನು ಮಾತ್ರವಲ್ಲ, ತಮ್ಮ ಸ್ವಂತ ಪದಗಳನ್ನೂ ಹಿಂಡಿ ಚಿಕ್ಕದು ಮಾಡಿದವರು. ಬರಹದಲ್ಲಿ ‘ಬೋಟ್‌ಸ್ವೇನ್’ ಎಂದು ಕಾಣುವ ಹಡಗಾಳುಗಳ ಮೇಸ್ತ್ರಿ ಡೆಕ್ಕಿನ ಮೇಲೆ ‘ಬೋಸನ್’. ಹಡಗಿನ ಮುಂಭಾಗಕ್ಕೆ ‘ಫೋರ್‌ಕ್ಯಾಸಲ್’ ಎಂದು ಬರೆದದ್ದು ‘ಫೋಕ್ಸಲ್’. ದೋಣಿಯ ಅಂಚಿಗೆ ‘ಗನ್‌ವೇಲ್’ ಎಂದು ಬರೆದು ‘ಗನಲ್’ ಎನ್ನುತ್ತಾರೆ. ಇವನ್ನು ಮೊದಲು ಕಲಿಯಿರಿ, ದಿನವೂ ಬೇಕಾಗುತ್ತವೆ.

ಪರದೇಶದ ದೋಣಿಗಳ ಹೆಸರುಗಳಲ್ಲಿ ನೀವು ತಿಳಿಯಬೇಕಾದದ್ದು ಒಂದೇ: ಆ ಪದ ಇಂಗ್ಲಿಷಿಗೆ ಕಿವಿಯಿಂದ ಬಂದಿತೋ ಕಣ್ಣಿನಿಂದ ಬಂದಿತೋ. ‘ಯಾಟ್’ ಕಿವಿಯಿಂದ ಬಂದದ್ದು. ಡಚ್ಚರ ‘ಯಾಖ್ಟ್’ನ ನಡುವೆ ಗಂಟಲು ಕೆರೆಯುವ ಖಕಾರವಿದೆ. 1660ರಲ್ಲಿ ಡಚ್ಚರು ಎರಡನೆಯ ಚಾರ್ಲ್ಸ್ ದೊರೆಗೆ ‘ಮೇರಿ’ ಎಂಬ ವಿಹಾರ ನೌಕೆಯನ್ನು ಉಡುಗೊರೆ ಕೊಟ್ಟ ಮೇಲೆ ಇಂಗ್ಲೆಂಡಿನ ಶ್ರೀಮಂತರಲ್ಲಿ ಆ ನೌಕೆಯ ಹುಚ್ಚು ಹಬ್ಬಿತು. ಗಂಟಲಿನ ಧ್ವನಿ ಅವರಿಗೆ ಆಗಲಿಲ್ಲ, ಬಿಟ್ಟರು. ಬರಹದಲ್ಲಿ ‘ಸಿ-ಎಚ್’ ಹಾಗೆಯೇ ಉಳಿಯಿತು. ಕನ್ನಡದಲ್ಲಿ ‘ಯಾಚ್ಟ್’ ಎಂದು ಬರೆಯುವವರು ಆ ಉಳಿಕೆಯನ್ನು ನಂಬಿದವರು.

‘ಜೀಬೆಕ್’ ಕಣ್ಣಿನಿಂದ ಬಂದದ್ದಕ್ಕೆ ಉದಾಹರಣೆ. ಅದು ಮೆಡಿಟರೇನಿಯನ್ ಕಡಲಿನ ಮೂರು ಕೂವೆಯ ವೇಗದ ಹಡಗು. ಅಲ್ಜೀರ್ಸಿನ ಕಡಲುಗಳ್ಳರಿಂದ ಹೆಸರಾದದ್ದು. ಅರಬ್ಬಿಯಲ್ಲಿ ಶಬ್ಬಾಕ್, ಫ್ರೆಂಚಿನಲ್ಲಿ ಶೆಬೆಕ್, ಇಟಲಿಯಲ್ಲಿ ಶಾಬೆಕ್ಕೊ. ಸುತ್ತಲಿನ ಎಲ್ಲರ ಬಾಯಲ್ಲೂ ಶಕಾರ. ಹಳೆಯ ಸ್ಪ್ಯಾನಿಷಿನಲ್ಲಿ ‘ಎಕ್ಸ್’ ಅಕ್ಷರ ಶಕಾರವನ್ನೇ ಸೂಚಿಸುತ್ತಿತ್ತು, ಹಾಗಾಗಿ ಅಲ್ಲಿ ಆ ಅಕ್ಷರದಿಂದ ಬರೆದರು. ಇಂಗ್ಲಿಷರು ಆ ಕಾಗುಣಿತವನ್ನು ಎತ್ತಿಕೊಂಡು, ಗ್ರೀಕ್ ಪದಗಳ ಮೊದಲಲ್ಲಿ ಬರುವ ‘ಎಕ್ಸ್’ ಅನ್ನು ಓದುವ ತಮ್ಮ ರೂಢಿಯಂತೆ ಓದಿದರು. ಶಬ್ಬಾಕ್ ನಡೆಸಿದ ಒಬ್ಬನೇ ಒಬ್ಬ ನಾವಿಕನ ಹತ್ತಿರ ಕೇಳಿದ್ದರೂ ಆ ಜಕಾರ ಹುಟ್ಟುತ್ತಿರಲಿಲ್ಲ.

ತುರ್ಕಿಯ ಕಯಿಕ್ ಎಂಬ ದೋಣಿಯ ಬಗ್ಗೆ ಮಂಗಳೂರಿನ ನಿಮಗೆ ವಿಶೇಷವಾಗಿ ಹೇಳಬೇಕು. ಇಂಗ್ಲಿಷರು ಫ್ರೆಂಚ್ ಕಾಗುಣಿತವನ್ನು ಹಿಡಿದು ‘ಕೈಈಕ್’ ಎಂದು ಕೊನೆಯನ್ನು ಎಳೆಯುತ್ತಾರೆ. ತುರ್ಕಿಯಲ್ಲಿ ಆ ಎರಡನೆಯ ಸ್ವರ ಇಕಾರವೇ ಅಲ್ಲ. ಅವರು ಚುಕ್ಕಿಯಿಲ್ಲದ ‘ಐ’ಯಿಂದ ಬರೆಯುವ ಧ್ವನಿ ಅದು. ತುಟಿಯನ್ನು ಗುಂಡಗೆ ಮಾಡದೆ ಉಕಾರ ಹೇಳಿ ನೋಡಿ. ತುಳುವಿನಲ್ಲಿ ಮನೆಗೆ ‘ಇಲ್ಲ್’ ಎನ್ನುವಾಗ ಕೊನೆಯಲ್ಲಿ ಸಣ್ಣದಾಗಿ ಬರುತ್ತದಲ್ಲ, ಅದೇ. ಇಸ್ತಾಂಬುಲ್ ಬಂದರಿನಲ್ಲಿ ಇಂಗ್ಲಿಷ್ ಅಧಿಕಾರಿಗಳಿಗೆ ದಕ್ಕದ ಸ್ವರ ತುಳು ಮಾತಾಡುವ ಖಲಾಸಿಗೆ ಯಾವ ಕಷ್ಟವೂ ಇಲ್ಲದೆ ದಕ್ಕುತ್ತದೆ. ಕನ್ನಡ ಲಿಪಿಯಲ್ಲಿ ಅದಕ್ಕೊಂದು ಅಕ್ಷರವಿಲ್ಲ, ನಾನು ‘ಕಯಿಕ್’ ಎಂದು ಬರೆದದ್ದು ಅನಿವಾರ್ಯದಿಂದ. ನಿಮ್ಮ ಮನೆಮಾತು ತುಳುವಾಗಿದ್ದರೆ ಹಡಗಿನಲ್ಲಿ ಅದನ್ನು ನಾಚದೆ ಬಳಸಿಕೊಳ್ಳಿ.

ಮತ್ತೆ, ನೈಲ್ ನದಿಯ ಹಾಯಿದೋಣಿಗೆ ಇಂಗ್ಲಿಷರು ‘ಫೆಲಕ’ ಎಂದರೆ ಲಕ್ಸರ್, ಅಸ್ವಾನಿನವರು ‘ಫಿಲೂಕ’ ಎಂದು ಊಕಾರವನ್ನು ಎಳೆದು ಹೇಳುತ್ತಾರೆ. ಅಲ್ಲಿಗೆ ಹೋದಾಗ ಅವರಂತೆ ಹೇಳಿ.

ಸಿಗಂದೂರಿನ ‘ಲಾಂಚ್’ ಇಂಗ್ಲಿಷ್ ಪದವಲ್ಲವೇ? ದೋಣಿಯನ್ನು ನೀರಿಗಿಳಿಸುವುದಕ್ಕೂ ಲಾಂಚ್ ಎನ್ನುತ್ತಾರಲ್ಲ?
— ಓದುಗರೊಬ್ಬರು, ಸಾಗರ

ಎರಡೂ ಬೇರೆ. ನೀರಿಗಿಳಿಸುವ ಲಾಂಚ್ ಯುರೋಪಿನ ಹಳೆಯ ಕ್ರಿಯಾಪದ. ದೋಣಿಯ ಲಾಂಚ್ ಸ್ಪ್ಯಾನಿಷ್ ಮತ್ತು ಪೋರ್ಚುಗೀಸಿನ ‘ಲಾಂಚಾ’ದಿಂದ ಬಂದದ್ದು, ಅದರ ಮೂಲವನ್ನು ಮಲಯ ಭಾಷೆಯ, ವೇಗದ ದೋಣಿ ಎಂಬರ್ಥದ ‘ಲಂಚಾರನ್’ನಲ್ಲಿ ನಿಘಂಟುಕಾರರು ಗುರುತಿಸುತ್ತಾರೆ. ತಮ್ಮಲ್ಲಿ ಮೊದಲೇ ಇದ್ದ ಕ್ರಿಯಾಪದದಂತೆ ಕೇಳಿದ್ದರಿಂದ ಇಂಗ್ಲಿಷರು ಅದನ್ನು ಅದೇ ಅಕ್ಷರಗಳಲ್ಲಿ ಬರೆದರು. ಮಲಕ್ಕದ ಕಡಲಿನಿಂದ ಶರಾವತಿಯ ಹಿನ್ನೀರಿಗೆ ಬಂದ ಪದ ಅದು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚಿನ ಕಟ್ಟೆಯಲ್ಲಿ ಬಸ್ಸು ಕಾಯುವುದು ತಪ್ಪಿದೆ. ಪದವನ್ನು ಮಾತ್ರ ನಿಮ್ಮ ಕಡೆಯವರು ಬಿಡಬಾರದು.

ಆಕ್ಲೆಂಡಿನಲ್ಲಿದ್ದೇವೆ. ಮಗಳ ಶಾಲೆಯಲ್ಲಿ ಇಲ್ಲಿನ ಮೂಲನಿವಾಸಿ ಮಾವೊರಿಗಳ ದೋಣಿಗೆ ‘ವಕ’ ಎಂದು ಹೇಳಿಕೊಡುತ್ತಾರೆ. ನಾನು ‘ವಾಕಾ’ ಎಂದರೆ ತಿದ್ದುತ್ತಾಳೆ. ಇಷ್ಟೊಂದು ನಿಷ್ಠುರತೆ ಬೇಕೇ?
— ಓದುಗರೊಬ್ಬರು, ನ್ಯೂಜಿಲೆಂಡ್

ಬೇಕು. ನಿಮ್ಮ ಮಗಳು ಸರಿಯಾಗಿ ಹೇಳುತ್ತಿದ್ದಾಳೆ, ಅವಳಿಗೆ ನನ್ನ ಅಭಿನಂದನೆ ತಿಳಿಸಿ. ಮಾವೊರಿಯಲ್ಲಿ ‘ವಕ’ದ ಎರಡೂ ಸ್ವರ ಹ್ರಸ್ವ. ಹ್ರಸ್ವ–ದೀರ್ಘದ ವ್ಯತ್ಯಾಸದಿಂದ ಆ ಭಾಷೆಯಲ್ಲಿ ಅರ್ಥವೇ ಬದಲಾಗುತ್ತದೆ, ಕನ್ನಡದಲ್ಲಿ ಆಗುವ ಹಾಗೆಯೇ. ಇಂಗ್ಲಿಷ್ ಮಾತಾಡುವವನಿಗೆ ಅದು ಸುಲಭವಲ್ಲ. ಹಲ–ಹಾಲ, ಬಲ–ಬಾಲ ಎಂದು ಕಲಿತ ನಮಗೆ ‘ವಾಕಾ’ ಎನ್ನಲು ಯಾವ ಕಾರಣವೂ ಇಲ್ಲ.

ಈ ಒಂದು ಪದ ಪೆಸಿಫಿಕ್ ಕಡಲಿನ ಉದ್ದಗಲಕ್ಕೂ ಹರಡಿದೆ. ಟೋಂಗಾದಲ್ಲಿ ‘ವಕ’ದ ಮೊದಲಲ್ಲಿ ತುಟಿ–ಹಲ್ಲು ಸೇರುವ ವಕಾರ. ಸಮೋವಾ, ತಾಹಿತಿಗಳಲ್ಲಿ ಕಕಾರದ ಜಾಗದಲ್ಲಿ ಗಂಟಲು ಒಂದು ಕ್ಷಣ ಮುಚ್ಚಿ ತೆರೆಯುತ್ತದೆ: ವ’ಅ. ಹವಾಯಿಯಲ್ಲಿಯೂ ಹಾಗೆಯೇ. ಆ ತಡೆಯನ್ನು ಅವರು ಒಂದು ವ್ಯಂಜನವೆಂದೇ ಎಣಿಸುತ್ತಾರೆ, ಅದಕ್ಕೊಂದು ಗುರುತೂ ಇದೆ. ಇಂಗ್ಲಿಷ್ ಪುಸ್ತಕಗಳು ಬಹುಕಾಲ ಆ ಗುರುತನ್ನು ಬಿಟ್ಟು ಅಚ್ಚು ಹಾಕಿದವು. ಓದಿದವರು ‘ವಾ’ ಎಂದು ಒಂದೇ ಉಸಿರಿನಲ್ಲಿ ಮುಗಿಸಿದರು.

ಫಿಜಿಯಲ್ಲಿ ಇನ್ನೂ ವಿಚಿತ್ರ. ಅಲ್ಲಿ ಅದೇ ಪದವನ್ನು ‘ಕ್ಯೂ’ ಅಕ್ಷರ ಹಾಕಿ ಬರೆಯುತ್ತಾರೆ, ಆದರೆ ಹೇಳುವುದು ‘ವಂಗ’. 1830ರ ದಶಕದಲ್ಲಿ ಮಿಷನರಿಗಳು ಲಿಪಿ ಹೊಂದಿಸುವಾಗ ‘ಂಗ’ ಎಂಬ ಧ್ವನಿಗೆ ‘ಕ್ಯೂ’ವನ್ನೂ ‘ನ್ದ’ ಎಂಬ ಧ್ವನಿಗೆ ಬರಿಯ ‘ಡಿ’ಯನ್ನೂ ಕೊಟ್ಟರು. ಫಿಜಿಯವರಿಗೆ ಇದು ತುಂಬ ಅನುಕೂಲದ ಏರ್ಪಾಟು, ಹೊರಗಿನವರಿಗೆ ಬಲೆ. ಫಿಜಿಯ ದೊಡ್ಡ ಜೋಡಿ ಒಡಲಿನ ಹಾಯಿದೋಣಿಯ ಹೆಸರು ಬರಹದಲ್ಲಿ ‘ದ್ರುವ’ದಂತೆ ಕಾಣುತ್ತದೆ, ಹೇಳುವಾಗ ‘ನ್ದ್ರುಆ’. 2022ರಿಂದ ಸೂಪರ್ ರಗ್ಬಿಯಲ್ಲಿ ಆಡುತ್ತಿರುವ ಫಿಜಿಯ ತಂಡಕ್ಕೆ ಇದೇ ದೋಣಿಯ ಹೆಸರು. ನಿಮ್ಮಲ್ಲಿ ಆ ಪಂದ್ಯಗಳು ಪ್ರಸಾರವಾಗುತ್ತವೆ. ವೀಕ್ಷಕ ವಿವರಣೆಗಾರರಲ್ಲಿ ಯಾರು ಆ ನಕಾರವನ್ನು ಹೇಳುತ್ತಾರೆ, ಯಾರು ಬಿಡುತ್ತಾರೆ ಎಂದು ಮಗಳ ಜೊತೆ ಕೂತು ಕೇಳಿ.

ನಿಷ್ಠುರತೆ ಏಕೆ ಬೇಕೆಂಬುದಕ್ಕೆ ಹೋಕೂಲೆ’ಅದ ಕಥೆ ಹೇಳಬೇಕು. ಹವಾಯಿಯಲ್ಲಿ ಹಳೆಯ ಮಾದರಿಯ ಜೋಡಿ ಒಡಲಿನ ಯಾತ್ರಾನೌಕೆಯೊಂದನ್ನು ಕಟ್ಟಿ 1975ರಲ್ಲಿ ನೀರಿಗಿಳಿಸಿದರು. ತಮ್ಮ ಪೂರ್ವಿಕರು ಸಾವಿರಾರು ಕಿಲೋಮೀಟರ್ ದೂರದ ದ್ವೀಪಗಳನ್ನು ಗುರಿಯಿಟ್ಟೇ ಮುಟ್ಟಿದ್ದರು, ಗಾಳಿಗೆ ಸಿಕ್ಕಿ ತೇಲಿ ಬಂದವರಲ್ಲ ಎಂದು ತೋರಿಸುವುದು ಅವರ ಹಠ. ನಕ್ಷತ್ರ ಮತ್ತು ಅಲೆಗಳನ್ನು ಓದಿ ದಾರಿ ಹಿಡಿಯುವ ವಿದ್ಯೆ ಹವಾಯಿಯಲ್ಲಿ ಆಗಲೇ ಅಳಿದಿತ್ತು. ಮೈಕ್ರೊನೇಷ್ಯದ ಸತವಾಲ್ ಎಂಬ ಪುಟ್ಟ ದ್ವೀಪದ ಮೌ ಪಿಯಾಯ್‌ಲುಗ್ ಬಂದರು. 1976ರಲ್ಲಿ ಅವರು ದಿಕ್ಸೂಚಿಯನ್ನೂ ಮುಟ್ಟದೆ ಆ ನೌಕೆಯನ್ನು ಹವಾಯಿಯಿಂದ ತಾಹಿತಿಗೆ ನಡೆಸಿಕೊಂಡು ಹೋದರು. ಸುಮಾರು 4,000 ಕಿಲೋಮೀಟರ್ ನೀರು. 2014ರಿಂದ 2017ರವರೆಗೆ ಅದೇ ನೌಕೆ ಭೂಮಿಯನ್ನೇ ಸುತ್ತಿ ಬಂತು.

ಹೋಕೂಲೆ’ಅ ಎಂದರೆ ಆನಂದದ ತಾರೆ; ನಮ್ಮ ಸ್ವಾತಿ ನಕ್ಷತ್ರ. ಹವಾಯಿಯ ನೆತ್ತಿಯ ಮೇಲೆ ಹಾದುಹೋಗುವ ಆ ನಕ್ಷತ್ರ ತಲೆಯ ಮೇಲೆ ನೇರವಾಗಿ ಬಂದರೆ ಮನೆಯ ಅಕ್ಷಾಂಶ ತಲುಪಿದೆವು ಎಂದು ನಾವಿಕನಿಗೆ ಗೊತ್ತಾಗುತ್ತದೆ. ಇಷ್ಟನ್ನು ತಿಳಿದವನು ಆ ಹೆಸರನ್ನು ‘ಹೊಕುಲೇಯ’ ಎಂದು ಉರುಳಿಸಿಬಿಡಲಾರ. ಹೋ ದೀರ್ಘ, ಕೂ ದೀರ್ಘ, ಲೆ ಹ್ರಸ್ವ, ಒಂದು ತಡೆ, ಮತ್ತೆ ಅ. ಕನ್ನಡದಲ್ಲಿ ಎಕಾರ–ಏಕಾರ, ಒಕಾರ–ಓಕಾರ ಬೇರೆ ಬೇರೆ ಇರುವುದು ಇಂಥಲ್ಲಿ ನಮಗೆ ದೊಡ್ಡ ಅನುಕೂಲ.

ಪರದೇಶದ ಪದಗಳನ್ನು ತಿರುಚದ ಭಾಷೆ ಯಾವುದಿದೆ? ನಾವೂ ಬಂದರ್ ಎಂಬ ಪಾರ್ಸಿ ಪದವನ್ನು ಬಂದರು ಮಾಡಿಕೊಂಡೆವು. ಇಂಗ್ಲಿಷರನ್ನು ಮಾತ್ರ ಏಕೆ ದೂರುತ್ತೀರಿ?
— ನಿವೃತ್ತ ಪ್ರಾಧ್ಯಾಪಕರು, ಧಾರವಾಡ

ನಿಮ್ಮ ಮಾತು ನ್ಯಾಯವಾದದ್ದು. ಬಂದರು, ಮೇಜು, ಸಾಬೂನು ಇವೆಲ್ಲ ನಮ್ಮ ಬಾಯಿಗೆ ಹೊಂದಿ ನಮ್ಮವಾದವು. ಬಾಯಿಂದ ಬಾಯಿಗೆ ಬಂದು ಸವೆದ ಪದವನ್ನು ನಾನು ಯಾವ ಭಾಷೆಯಲ್ಲೂ ದೂರುವುದಿಲ್ಲ. ಮಲಯದ ‘ಜೊಂಗ್’ ಎಂಬ ಹಡಗಿನ ಹೆಸರು ಪೋರ್ಚುಗೀಸರ ‘ಜುಂಕೊ’ ಆಗಿ ಇಂಗ್ಲಿಷರ ‘ಜಂಕ್’ ಆದಾಗ ಮೂರು ಜನಾಂಗದ ನಾವಿಕರು ಒಂದೇ ಬಂದರಿನಲ್ಲಿ ಒಬ್ಬರಿಗೊಬ್ಬರು ಕೂಗಿ ಮಾತಾಡಿದ್ದರು. ಕಸ ಎಂಬರ್ಥದ ಜಂಕ್‌ಗೂ ಆ ಹಡಗಿಗೂ ಸಂಬಂಧವಿಲ್ಲ. ಚೀನಾದ ಗಟ್ಟಿ ಹಡಗುಗಳಿಗೆ ಆ ಹೆಸರಿನಿಂದ ಅವಮಾನವೇನೂ ಆಗಿಲ್ಲ.

ಕೇರಳದ ‘ಚಙ್ಙಾಡಂ’ ಎಂಬ ತೆಪ್ಪದ ಹೆಸರು ಪೋರ್ಚುಗೀಸರ ಬಾಯಲ್ಲಿ ‘ಜಂಗಾದ’ ಆಗಿ ಬ್ರೆಜಿಲಿಗೆ ಹೋಯಿತು. ಈಗಲೂ ಅಲ್ಲಿನ ಈಶಾನ್ಯ ಕರಾವಳಿಯ ಬೆಸ್ತರು ಜಂಗಾದದಲ್ಲಿ ಹಾಯಿ ಕಟ್ಟಿ ಮೀನಿಗೆ ಹೋಗುತ್ತಾರೆ. ಪೋರ್ಚುಗೀಸಿನ ಆ ಮೊದಲ ಅಕ್ಷರ ಶಕಾರಕ್ಕೆ ನಾದ ಕೊಟ್ಟಂಥ ಧ್ವನಿ. ಇಂಗ್ಲಿಷರು ಅದನ್ನು ಗಟ್ಟಿಯಾದ ಜಕಾರ ಮಾಡಿ ಓದುತ್ತಾರೆ; ಹಾಗೆ ಮಾಡಿ ಅರಿಯದೆಯೇ ಮಲಬಾರಿನ ಮೂಲ ಧ್ವನಿಗೆ ಒಂದು ಹೆಜ್ಜೆ ಹತ್ತಿರ ಬಂದಿದ್ದಾರೆ.

ನನ್ನ ದೂರು ಇರುವುದು ಕೇಳುವ ಅವಕಾಶವಿದ್ದೂ ಕೇಳದವರ ಮೇಲೆ. ಪಿನಿಸಿ ಕಟ್ಟುವವರು ಇವತ್ತೂ ಇದ್ದಾರೆ. ದೋನಿ ನಡೆಸುವವರು ಇದ್ದಾರೆ. ಅವರ ಮುಂದೆ ಕ್ಯಾಮೆರಾ ಹಿಡಿದು ನಿಂತವನು ಹೆಸರನ್ನು ಒಮ್ಮೆ ಅವರ ಬಾಯಿಂದ ಹೇಳಿಸಿ ಕೇಳಿಕೊಳ್ಳಬೇಕು. ಇನ್ನೂ ದೊಡ್ಡ ದೂರು ನಮ್ಮವರ ಮೇಲೆ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ಅದು ಕಷ್ಟಪಡುತ್ತದೆ. ದ–ಡ, ನ–ಣ, ಲ–ಳ, ಹ್ರಸ್ವ–ದೀರ್ಘ ಎಲ್ಲವನ್ನೂ ಬರೆಯಬಲ್ಲ ನಾವು ಜಗತ್ತಿನ ಅರ್ಧ ದೋಣಿಗಳ ಹೆಸರನ್ನು ಅದರ ಒಡೆಯರು ಹೇಳಿದಂತೆಯೇ ಬರೆಯಬಹುದು. ಆದರೂ ಲಂಡನ್ನಿನ ಕಾಗುಣಿತ ನೋಡಿ ನಕಲು ಮಾಡುತ್ತೇವೆ.

ನಮ್ಮ ಕರಾವಳಿಯ ಹಾಯಿಹಡಗುಗಳ ಹೆಸರು ಇಂಗ್ಲಿಷಿಗೆ ಹೋಗಿವೆಯೇ?
— ಓದುಗರೊಬ್ಬರು, ಕಾರವಾರ

ಹೋಗಿವೆ. ಪತ್ತೇಮಾರಿ ‘ಪ್ಯಾಟಮಾರ್’ ಆಯಿತು; ಮೊದಲು ಅದು ಸುದ್ದಿ ಹೊತ್ತು ಓಡುವ ಅಂಚೆಯಾಳಿನ ಹೆಸರು, ಆಮೇಲೆ ವೇಗದ ಹಾಯಿಹಡಗಿನದು. ಮಂಜಿ ಪೋರ್ಚುಗೀಸರ ಮೂಲಕ ‘ಮಂಚುವ’ ಆಯಿತು. ದೋಣಿ ‘ಡೋನಿ’. ತಾಂಡೇಲ ಎಂಬ ಹಡಗಾಳುಗಳ ಮುಖಂಡ ‘ಟಿಂಡಲ್’ ಆಗಿ ಕಂಪನಿ ಹಡಗುಗಳ ಲೆಕ್ಕದ ಪುಸ್ತಕ ಸೇರಿದ. ನಿಮ್ಮೂರಿನಲ್ಲಿ ತಾಂಡೇಲ ಎಂಬ ಅಡ್ಡಹೆಸರಿನ ಮನೆಗಳು ಎಷ್ಟಿವೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ.

ಇವನ್ನೆಲ್ಲ ಒಂದೆಡೆ ಕೂಡಿಸಿದ್ದು 1886ರಲ್ಲಿ ಹೊರಬಂದ ‘ಹಾಬ್ಸನ್–ಜಾಬ್ಸನ್’ ಎಂಬ ನಿಘಂಟು. ಮೊಹರಮ್ಮಿನಲ್ಲಿ ‘ಯಾ ಹಸನ್, ಯಾ ಹುಸೇನ್’ ಎಂದು ಎದೆ ಬಡಿದುಕೊಳ್ಳುವ ಕೂಗು ಇಂಗ್ಲಿಷ್ ಸಿಪಾಯಿಗಳ ಕಿವಿಗೆ ಕೇಳಿದ ಬಗೆಯೇ ಅದರ ಹೆಸರು. ಹೆನ್ರಿ ಯೂಲ್ ಜೊತೆ ಅದನ್ನು ಸಂಪಾದಿಸಿದ ಆರ್ಥರ್ ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು, ತುಳುನಾಡಿನ ಭೂತಾರಾಧನೆಯನ್ನು ದಾಖಲಿಸಿದವರು. ನಿಘಂಟು ಅಚ್ಚಾಗುವ ಮೊದಲೇ, 1882ರಲ್ಲಿ ತೀರಿಕೊಂಡರು. ಹಡಗಿನ ಪದಗಳಿಗೆ ಆ ನಿಘಂಟು ಕೊಟ್ಟ ಜಾಗ ನೋಡಿದಾಗ, ಕರಾವಳಿಯಲ್ಲಿ ನಿಂತು ಕೇಳಿಸಿಕೊಂಡ ಕಿವಿ ಅದರ ಹಿಂದಿತ್ತು ಎಂದು ನನಗೆ ಅನಿಸುತ್ತದೆ.

2025ರ ಮೇ ತಿಂಗಳಲ್ಲಿ ನಿಮ್ಮ ಕಾರವಾರದ ನೌಕಾನೆಲೆಯಲ್ಲಿಯೇ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಾಯಿಹಡಗು ನೌಕಾಪಡೆಗೆ ಸೇರಿತು. ಅದಕ್ಕೆ ಕೌಂಡಿನ್ಯ ಎಂದು ಹೆಸರಿಟ್ಟರು. ಇಂಗ್ಲಿಷ್ ಅಕ್ಷರಗಳಲ್ಲಿ ಆ ಹೆಸರನ್ನು ನೋಡಿ ಓದುವ ಪರದೇಶದವನಿಗೆ ಅದರೊಳಗಿನ ಡಕಾರ ಎಂಥದೆಂದು ತಿಳಿಯುವುದಿಲ್ಲ. ನಾವು ಮಾತ್ರ ಇಂಗ್ಲಿಷಿನ ಕಡೆ ನೋಡದೆ ನೇರವಾಗಿ ಬರೆದೆವು, ಏಕೆಂದರೆ ಆ ಹೆಸರು ನಮಗೆ ಗೊತ್ತಿತ್ತು. ಶಬ್ಬಾಕ್, ಫಿಲೂಕ, ವ’ಅಗಳಿಗೂ ಅಷ್ಟೇ ಗೌರವ ಕೊಡಲು ಬೇಕಾದ ಅಕ್ಷರಗಳು ನಮ್ಮಲ್ಲಿವೆ.

ಕಾರವಾರದಿಂದ ಭಟ್ಕಳದವರೆಗಿನ ಓದುಗರಲ್ಲಿ ಒಂದು ವಿನಂತಿ. ಮಂಗಳೂರಿನ ಹೆಂಚು ಹೇರಿಕೊಂಡು ಪತ್ತೇಮಾರಿ, ಮಚವೆಗಳಲ್ಲಿ ಮುಂಬಯಿಗೆ ಹೋಗಿ ಬಂದ ಹಿರಿಯರು ಮನೆಯಲ್ಲಿದ್ದರೆ, ಹಾಯಿ, ಹಗ್ಗ, ಕೂವೆ, ಚುಕ್ಕಾಣಿಗಳ ಒಂದೊಂದು ಭಾಗಕ್ಕೆ ಅವರು ಹೇಳುತ್ತಿದ್ದ ಹೆಸರನ್ನು ಮೊಬೈಲಿನಲ್ಲಿ ಅವರ ಧ್ವನಿಯಲ್ಲಿಯೇ ಮುದ್ರಿಸಿ ಕಳಿಸಿ. ಕೊಂಕಣಿಯಲ್ಲಿದ್ದರೂ ಸರಿ, ಕನ್ನಡದಲ್ಲಿದ್ದರೂ ಸರಿ, ನವಾಯತಿಯಲ್ಲಿದ್ದರೂ ಸರಿ. ಬರೆದು ಕಳಿಸುವವರು ಹ್ರಸ್ವ–ದೀರ್ಘ, ಒತ್ತಕ್ಷರಗಳನ್ನು ಎರಡು ಸಲ ನೋಡಿ. ಮುಂದಿನ ಸಂಚಿಕೆಯಲ್ಲಿ ಹಗ್ಗದ ಹೆಸರುಗಳಿಂದ ಶುರು ಮಾಡೋಣ.